ಮೂರು ಹಲ್ಲು ಮುಂದಕ್ಕೆ

ಮೂಂಟಾದಲ್ಲಿ, ಮುಚ್ಚಿಹೋದ ತಾಮ್ರದ ಗಣಿಯ ಹಿಂದೆ
ತಗಡಿನ ಶೆಡ್ಡು. ಬೆಳಗಿನ ಎಂಟಕ್ಕೇ ಕಾದ ಕಾವಲಿ.
ಒಳಗೆ ಎರಡು ಕಾರು, ಎರಡಕ್ಕೂ ಹಳೇ ಹಾಸಿಗೆಯ ಹೊದಿಕೆ,
ನಡುವೆ ಮರ್ಲ್ ಟ್ರೆಜೈಸ್, ಎಂಬತ್ತೊಂದು ವಯಸ್ಸು,
ಬೀಗದ ಕೈಗಳನ್ನು ಕಿಣಿಕಿಣಿಸುತ್ತ:
"ಮೆಲ್ಬರ್ನಿನವನು ಒಂದನ್ನೇ ಕೊಳ್ಳುತ್ತಾನಂತೆ.
ಯಾವುದು ಹೆಚ್ಚು, ನೀನೇ ಹೇಳು."

ಹೇಳುವುದೇ ನನ್ನ ಕಸುಬು.
ಅಜ್ಜ ದಾವಣಗೆರೆಯಲ್ಲಿ ಚಿನ್ನ ಒರೆಗೆ ಹಚ್ಚುತ್ತಿದ್ದ,
ನಾನು ಅಡಿಲೇಡಿನಿಂದ ಬಂದು ಕಬ್ಬಿಣವನ್ನು.
ಒರೆಗಲ್ಲಿನ ಬದಲು ಅಯಸ್ಕಾಂತ,
ಬಣ್ಣದ ದಪ್ಪ ಅಳೆಯುವ ಮೀಟರು,
ಮಂಡಿಯೂರಲು ಗೋಣಿಯ ತುಂಡು.

ಮೊದಲು ಫೋರ್ಡ್ ಫಾಲ್ಕನ್, ಎಪ್ಪತ್ತೊಂದರದು.
ಎಂಟು ಸಿಲಿಂಡರಿನ ಎದೆ, ಬಾನೆಟ್ಟು ಸೀಳಿ ಎದ್ದ ಮೂಗು.
ಎಂಜಿನ್ ಶುರುವಾದರೆ ಮೂಗೂ ಅದುರುತ್ತದೆ
ಊಟ ತಡವಾದ ಮಾವನ ಹಾಗೆ.
ಹಳದಿ. ಅರಿಶಿನದ್ದಲ್ಲ, ಹಣ್ಣಾದ ಹಲಸಿನ ತೊಳೆಯದು.
ಎಂಜಿನ್ನಿನ ನಂಬರು, ಚಾಸಿಯ ನಂಬರು, ತಗಡಿನ ಪಟ್ಟಿ
ಮೂರೂ ಒಂದೇ ಮಾತಾಡಿದವು.
ಅಯಸ್ಕಾಂತ ಎಲ್ಲೂ ಜಾರಲಿಲ್ಲ.
ಕ್ಲೆಮ್ ಭಾನುವಾರಕ್ಕೊಮ್ಮೆ ತೊಳೆದು
ವಾಲರೂ ಕಡಲಿನವರೆಗೆ ಹೋಗಿ ಬರುತ್ತಿದ್ದನಂತೆ,
ಗಾಳಿ ಬೀಸಿದರೆ ಅದೂ ಇಲ್ಲ.
ಬರೆದುಕೊಂಡೆ: ಒಬ್ಬನೇ ಮಾಲೀಕ, ಜಾಗರೂಕ.

ಆಮೇಲೆ ಹೋಲ್ಡನ್ ಟೊರಾನಾ. ಕಿತ್ತಳೆ.
ಪಕ್ಕದವನ ಭುಜಕ್ಕೂ ಬಾರದ ಗಿಡ್ಡ ದೇಹ,
ಆರೇ ಸಿಲಿಂಡರು, ಮೂರು ಕಾರ್ಬ್ಯುರೇಟರು,
ಬಾಗಿಲ ಕೆಳಗೆ ಉಪ್ಪುಗಾಳಿ ಮೇಯ್ದ ತುಕ್ಕು.
ಎಂಜಿನ್ನಿನ ನಂಬರು ಬೇರೆಯದೇ ಜಾತಕ.
ಎಡಗಡೆ ದೀಪದ ಹತ್ತಿರ ಅಯಸ್ಕಾಂತ
ಸತ್ತ ಹಲ್ಲಿಯ ಹಾಗೆ ಕಳಚಿ ಬಿತ್ತು.
"ಇಲ್ಲಿ ಪುಟ್ಟಿ ತುಂಬಿದೆಯಲ್ಲ?"
"ಕಾಂಗರೂ."

ಸರಿ, ಇನ್ನೇನಿದೆ, ಅಂಗೈ ಹುಣ್ಣಿಗೆ ಕನ್ನಡಿ ಯಾಕೆ
ಎಂದು ಬಾಗಿಲು ಮುಚ್ಚಲು ಹೋದವನು ನಿಂತೆ.

ಚಾಲಕರ ಸೀಟು ಮೂರು ಹಲ್ಲು ಮುಂದಕ್ಕಿತ್ತು.
ಹಳಿಗೆ ತುಕ್ಕು ಹಿಡಿದು ಅಲ್ಲೇ ಕಚ್ಚಿಕೊಂಡಿತ್ತು.
ಗೋಡೆಯ ಮೊಳೆಗೆ ಕ್ಲೆಮ್‌ನ ಕೋಟು,
ನೆಲ ಗುಡಿಸುವಷ್ಟು ಉದ್ದ.
ಕ್ಲಚ್ಚಿನ ರಬ್ಬರು ಸವೆದಿದ್ದುದು ಒಂದೇ ಅಂಚಿಗೆ,
ಕಿರಿದಾದ ಒಂದು ಪಾದದಷ್ಟು.
ಬಿಸಿಲುಮರೆಯ ಹಿಂದೆ ಪೆಟ್ರೋಲಿನ ಚೀಟಿ,
ಚೀಟಿಯ ಬೆನ್ನಿಗೆ ಪೆನ್ಸಿಲ್ಲಿನ ದುಂಡಕ್ಷರ:
'ಕಡೀನಾದಿಂದ ಪೋರ್ಟ್ ವೇಕ್‌ಫೀಲ್ಡ್, ಇಪ್ಪತ್ತೆರಡು ನಿಮಿಷ.'
ಅದರ ಕೆಳಗೆ, ಒತ್ತಿ ಬರೆದದ್ದು: 'ಇಪ್ಪತ್ತೊಂದು.'

"ಕಾಂಗರೂ ಬಂದ ರಾತ್ರಿ ಯಾರು ಓಡಿಸುತ್ತಿದ್ದರು?"
ಮರ್ಲ್ ಬೀಗದ ಕೈಗಳನ್ನು ಎಣಿಸಿದಳು, ಇದ್ದದ್ದು ಎರಡೇ.
"ಅದನ್ನು ಕೇಳುವ ಪುರುಸೊತ್ತು ಕಾಂಗರೂಗೆ ಇರಲಿಲ್ಲ."

ನನ್ನ ಫಾರಮ್ಮಿನಲ್ಲಿ ಮಾಲೀಕನಿಗೆ ಒಂದು ಕಲಂ ಉಂಟು,
ಬಣ್ಣಕ್ಕೆ ನಾಲ್ಕು, ಚಕ್ರಕ್ಕೆ ಏಳು.
ಓಡಿಸಿದವರಿಗೆ ಇಲ್ಲ.

ಹೇಳಿದೆ: ಹಳದಿಗೆ ಒಂದು ಮನೆ ಬರುತ್ತದೆ,
ಕಿತ್ತಳೆಗೆ ಆ ಮನೆಯ ಅಡುಗೆಕೋಣೆ.
"ಹಾಗಾದರೆ ಕಿತ್ತಳೆಯನ್ನೇ ಕೊಡು," ಎಂದಳು.
"ಕ್ಲಚ್ಚು ಒತ್ತಲು ಈ ಮಂಡಿ ಒಲ್ಲೆ ಅನ್ನುತ್ತದೆ.
ನಿಂತ ಕಾರನ್ನು ನೋಡುತ್ತ ಕೂರಬೇಕೆಂದರೆ ಕ್ಲೆಮ್‌ನದೇ ಸಾಕು,
ಅದಕ್ಕೆ ನಿಂತು ಅಭ್ಯಾಸ."

ಮೆಲ್ಬರ್ನಿನವನ ಗಾಜಿನ ಹಾಲು ನಾನು ಕಂಡಿದ್ದೇನೆ.
ಅಲ್ಲಿ ಕಾರುಗಳಿಗೆ ಜ್ವರ ನೋಡುವ ಯಂತ್ರವುಂಟು,
ರಸ್ತೆಯಿಲ್ಲ.
ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ.

"ಒಮ್ಮೆ ಗೇಟಿನವರೆಗೆ," ಎಂದು ಕೈಗೆ ಬೀಗದ ಕೈ ಇಟ್ಟಳು.
ಕೂತೆ. ಸೀಟು ಹಿಂದಕ್ಕೆ ತಳ್ಳಲು ಸನ್ನೆಗೆ ಕೈಹಾಕಿದೆ.
"ಮುಟ್ಟಬೇಡ."

ಮಂಡಿ ಎರಡೂ ಸ್ಟಿಯರಿಂಗಿಗೆ ತಾಗಿ,
ಗಲ್ಲ ಎದೆಗೆ ಒತ್ತಿ, ಗರ್ಭದೊಳಗಿನ ಕೂಸಿನಂತೆ ಮಡಿಸಿಕೊಂಡು
ಕೀಲಿ ತಿರುವಿದೆ. ಮೂರೂ ಕಾರ್ಬ್ಯುರೇಟರು ಕೆಮ್ಮಿ, ಕ್ಯಾಕರಿಸಿ,
ಒಮ್ಮೆಲೇ ಗಂಟಲು ಸರಿಮಾಡಿಕೊಂಡವು.
ತಗಡಿನ ಶೆಡ್ಡು ಗಡಗಡ ನಡುಗಿತು.
ಕ್ಲೆಮ್‌ನ ಕೋಟು ಮೊಳೆಯಿಂದ ಜಾರಿತು.

ಪಕ್ಕದ ಸೀಟಿನಲ್ಲಿ ಮರ್ಲ್,
ಕಣ್ಣು ರಸ್ತೆಯ ಮೇಲೆ,
ಎಡಗಾಲು ಸುಮ್ಮನೆ ನೆಲವನ್ನು ಒತ್ತುತ್ತಿತ್ತು,
ಬಿಡುತ್ತಿತ್ತು.